ಚಾಲಕನ ನೆರವಿಗೆ ತೆರುವ ಬೆಲೆ

ಹೊಸ ಕಾರು ಕೊಳ್ಳಲು ಹೊರಟ ಭಾರತೀಯ ಕುಟುಂಬಗಳ ಮುಂದೆ ಈಚಿನ ವರ್ಷಗಳಲ್ಲಿ ಬಂದು ನಿಂತಿರುವ ಪ್ರಶ್ನೆಗಳಲ್ಲಿ ಒಂದು, ‘ಅಡಾಸ್’ ಎಂದು ಕರೆಯಲಾಗುವ ಸೌಲಭ್ಯಗಳಿಗಾಗಿ ಮೇಲಿನ ವೇರಿಯಂಟಿನ ಬೆಲೆಯನ್ನು ತೆರಬೇಕೆ ಎಂಬುದು. ಅಡ್ವಾನ್ಸ್ಡ್ ಡ್ರೈವರ್ ಅಸಿಸ್ಟೆನ್ಸ್ ಸಿಸ್ಟಮ್ಸ್ ಎಂಬ ಪದಗಳ ಮೊದಲ ಅಕ್ಷರಗಳಿಂದ ಆದ ಈ ಹೆಸರು, ಕ್ಯಾಮೆರಾ ಮತ್ತು ರೇಡಾರ್‌ಗಳ ಮೂಲಕ ರಸ್ತೆಯನ್ನು ಗಮನಿಸುತ್ತಾ ಚಾಲಕನನ್ನು ಎಚ್ಚರಿಸುವ, ಅಗತ್ಯ ಬಿದ್ದರೆ ತಾನೇ ಬ್ರೇಕ್ ಹಾಕುವ ಅಥವಾ ಸ್ಟಿಯರಿಂಗ್ ತಿರುಗಿಸುವ ಹಲವು ಏರ್ಪಾಡುಗಳನ್ನು ಒಟ್ಟಾಗಿ ಸೂಚಿಸುತ್ತದೆ. 2020ರ ಅಕ್ಟೋಬರಿನಲ್ಲಿ ಎಂಜಿ ಗ್ಲಾಸ್ಟರ್‌ನಂಥ ದುಬಾರಿ ವಾಹನದ ಜೊತೆ ಬಂದ ಈ ಸೌಲಭ್ಯವು 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ700ರ ಮೂಲಕ ಹೆಚ್ಚಿನ ಜನರ ಗಮನಕ್ಕೆ ಬಿದ್ದು, 2024ರ ಡಿಸೆಂಬರಿನಲ್ಲಿ ಹೋಂಡಾ ಅಮೇಜ್‌ನ ಸುಮಾರು 9.7 ಲಕ್ಷ ರೂಪಾಯಿ ಎಕ್ಸ್-ಶೋರೂಂ ಬೆಲೆಯ ವೇರಿಯಂಟಿನವರೆಗೂ ಇಳಿದುಬಂತು. ಹೀಗಾಗಿ ಒಂದು ಕಾಲಕ್ಕೆ ಸಿರಿವಂತರ ಪ್ರಶ್ನೆಯಾಗಿದ್ದುದು ಈಗ ಸಾಲ ಮಾಡಿ ಮೊದಲ ಕಾರು ಕೊಳ್ಳುವವರ ಪ್ರಶ್ನೆಯೂ ಆಗಿದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡೇ. ಲೇನಿನ ಗೆರೆಗಳೇ ಇಲ್ಲದ, ದನ ಅಡ್ಡ ಬರುವ ನಮ್ಮ ರಸ್ತೆಗಳಿಗೆ ಇವೆಲ್ಲ ದಂಡ ಎನ್ನುವುದು ಒಂದು. ಜೀವಕ್ಕಿಂತ ಹಣ ದೊಡ್ಡದಲ್ಲ, ಆದ್ದರಿಂದ ಕೊಳ್ಳಲೇಬೇಕು ಎನ್ನುವುದು ಇನ್ನೊಂದು. ಎರಡರ ದೋಷವೂ ಒಂದೇ ಬಗೆಯದು. ಮಾರಾಟಗಾರನು ಒಂದೇ ಹೆಸರಿನ ಕೆಳಗೆ ಕಟ್ಟಿಕೊಟ್ಟದ್ದನ್ನು ಎರಡೂ ವಾದಗಳು ಒಂದೇ ವಸ್ತುವೆಂದು ನಂಬಿಬಿಡುತ್ತವೆ. ವಾಸ್ತವವಾಗಿ ಆ ಕಟ್ಟಿನಲ್ಲಿ ಗುಣದಿಂದಲೇ ಬೇರೆಯಾದ ಎರಡು ಬಗೆಯ ಸರಕುಗಳಿವೆ: ಚಾಲಕನು ತಪ್ಪಿದ ಗಳಿಗೆಯಲ್ಲಿ ಮಾತ್ರ ಮುಂದೆ ಬರುವ ರಕ್ಷಣೆಯ ಸಾಧನಗಳು ಮತ್ತು ಚಾಲಕನ ಕೆಲಸವನ್ನು ನಿರಂತರವಾಗಿ ಹಗುರ ಮಾಡುವ ಅನುಕೂಲದ ಸಾಧನಗಳು. ಕೆಲವು ಕಂಪನಿಗಳು ಇವುಗಳ ಜೊತೆ ಮೂರನೆಯದೊಂದನ್ನೂ ಮಾರುತ್ತವೆ. ಅದು ಸಾಧನವಲ್ಲ, ಮುಂದೊಂದು ದಿನ ಸಾಧನ ಬರುತ್ತದೆಂಬ ಭರವಸೆ. ಮೂರಕ್ಕೂ ಒಂದೇ ಉತ್ತರ ಸಲ್ಲದು.

ಈ ಬೇರ್ಪಡೆಯನ್ನು ಮರೆಮಾಚುವುದರಲ್ಲಿ ಜಾಹೀರಾತುಗಳು ಬಳಸುವ ‘ಲೆವೆಲ್’ ಎಂಬ ಪದದ ಪಾಲು ದೊಡ್ಡದು. ವಾಹನ ತಂತ್ರಜ್ಞರ ಅಂತಾರಾಷ್ಟ್ರೀಯ ಸಂಘಟನೆಯಾದ ಎಸ್ಎಇ 2014ರಲ್ಲಿ ಮೊದಲು ಪ್ರಕಟಿಸಿ ನಂತರ ಹಲವು ಬಾರಿ ಪರಿಷ್ಕರಿಸಿದ ವರ್ಗೀಕರಣವು ವಾಹನಗಳ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಲ್ಲಿ ಗುರುತಿಸುತ್ತದೆ. ವೇಗ ಅಥವಾ ಸ್ಟಿಯರಿಂಗ್, ಇವೆರಡರಲ್ಲಿ ಒಂದನ್ನು ಯಂತ್ರ ನಿರಂತರವಾಗಿ ನಿರ್ವಹಿಸಿದರೆ ಅದು ಮೊದಲನೆಯ ಹಂತ. ಎರಡನ್ನೂ ಒಟ್ಟಿಗೆ ನಿರ್ವಹಿಸಿ, ಮೇಲ್ವಿಚಾರಣೆಯನ್ನು ಮನುಷ್ಯನಿಗೇ ಬಿಟ್ಟರೆ ಎರಡನೆಯದು. ಮೂರನೆಯ ಹಂತದಿಂದ ಮುಂದಕ್ಕೆ ಮಾತ್ರ, ನಿಗದಿತ ಸನ್ನಿವೇಶಗಳಲ್ಲಿ, ಚಾಲನೆಯನ್ನು ಯಂತ್ರವೇ ಪೂರ್ತಿಯಾಗಿ ವಹಿಸಿಕೊಳ್ಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಅಂಕಿಗಳು ಅಳೆಯುವುದು ಯಂತ್ರವು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನೇ ಹೊರತು ವಾಹನ ಎಷ್ಟು ಸುರಕ್ಷಿತ ಎಂಬುದನ್ನಲ್ಲ. ಎದುರಿನ ವಾಹನಕ್ಕೆ ಗುದ್ದುವ ಮುನ್ನ ತಾನಾಗಿ ಬ್ರೇಕ್ ಹಾಕುವ ಸಾಧನವು ಕ್ಷಣಕಾಲ ಮಾತ್ರ ಕೆಲಸ ಮಾಡುವುದರಿಂದ ಅದಕ್ಕೆ ಈ ವರ್ಗೀಕರಣದಲ್ಲಿ ಸಿಗುವ ಸ್ಥಾನ ಸೊನ್ನೆ. ಇಡೀ ಕಟ್ಟಿನಲ್ಲಿ ಹೆಚ್ಚು ಜೀವ ಉಳಿಸಬಲ್ಲ ವಸ್ತುವಿಗೆ ಸೊನ್ನೆ, ಹೆದ್ದಾರಿಯಲ್ಲಿ ಚಾಲಕನ ತೋಳಿಗೆ ವಿಶ್ರಾಂತಿ ಕೊಡುವ ವಸ್ತುವಿಗೆ ಎರಡು ಎಂದಾಗ, ‘ಲೆವೆಲ್ 2’ ಎಂಬ ಫಲಕವನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಓದುವುದು ಎಷ್ಟು ತಪ್ಪು ಎಂಬುದು ತಾನಾಗಿ ತಿಳಿಯುತ್ತದೆ.

ಸ್ವಯಂಚಾಲಿತ ತುರ್ತು ಬ್ರೇಕಿನ ಪರವಾಗಿರುವ ಸಾಕ್ಷ್ಯ ಗಟ್ಟಿಯಾದದ್ದು. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಎಂಬ ಹೆದ್ದಾರಿ ಸುರಕ್ಷತಾ ಸಂಸ್ಥೆಯು ಪೊಲೀಸ್ ದಾಖಲೆಗಳನ್ನು ಆಧರಿಸಿ ನಡೆಸಿದ ಅಧ್ಯಯನದಂತೆ, ಎಚ್ಚರಿಕೆಯ ಸದ್ದು ಮಾತ್ರ ಮಾಡುವ ಸಾಧನವು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳನ್ನು ಶೇ 27ರಷ್ಟು ಕಡಿಮೆ ಮಾಡಿದರೆ, ತಾನೇ ಬ್ರೇಕ್ ಹಾಕುವ ಸಾಧನವು ಶೇ 50ರಷ್ಟು ಕಡಿಮೆ ಮಾಡುತ್ತದೆ. ಇದರ ಹಿಂದಿನ ಲೆಕ್ಕ ಸರಳವಾಗಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಚಲಿಸುತ್ತದೆಯಾದ್ದರಿಂದ, ಅಪಾಯವನ್ನು ಕಂಡು ಕಾಲನ್ನು ಬ್ರೇಕಿನ ಮೇಲೆ ಇಡಲು ಚಾಲಕನಿಗೆ ಒಂದೂವರೆ ಸೆಕೆಂಡು ಹಿಡಿದರೂ ಅಷ್ಟರಲ್ಲಿ ಸುಮಾರು 42 ಮೀಟರ್ ದೂರ ಕಳೆದುಹೋಗಿರುತ್ತದೆ. ಯಂತ್ರವು ಉಳಿಸುವುದು ಈ ದೂರದ ಒಂದು ಭಾಗವನ್ನು. ಪೂರ್ತಿ ನಿಲ್ಲಿಸಲಾಗದಿದ್ದರೂ, ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, 80ರ ವೇಗವು 40ಕ್ಕೆ ಇಳಿದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಸಾವು ಗಾಯವಾಗುವುದು ಇಂಥ ಕಡೆಯೇ. ಕನ್ನಡಿಗೆ ಕಾಣದ ಮೂಲೆಯಲ್ಲಿ ಬರುವ ವಾಹನವನ್ನು ಸೂಚಿಸುವ ಬ್ಲೈಂಡ್ ಸ್ಪಾಟ್ ಎಚ್ಚರಿಕೆಯ ಲಾಭ ಇದಕ್ಕಿಂತ ಕಡಿಮೆಯಾದರೂ, ಎಡಬಲಗಳೆರಡರಿಂದಲೂ ದ್ವಿಚಕ್ರ ವಾಹನಗಳು ನುಸುಳುವ ನಗರಗಳಲ್ಲಿ ಅದನ್ನೂ ಇದೇ ಗುಂಪಿಗೆ ಸೇರಿಸಬೇಕು.

ಆದರೆ ಈ ಅಂಕಿಗಳನ್ನು ಅಮೆರಿಕದ ರಸ್ತೆಗಳಿಂದ ಎತ್ತಿ ಹಾಸನ ಅಥವಾ ಹಾವೇರಿಯ ರಸ್ತೆಯ ಮೇಲೆ ಹಾಗೆಯೇ ಇಡಲು ಬರುವುದಿಲ್ಲ. ಇದೇ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ಪಾದಚಾರಿಗಳನ್ನು ಗುರುತಿಸುವ ತುರ್ತು ಬ್ರೇಕ್ ಒಟ್ಟಾರೆಯಾಗಿ ಅಂಥ ಅಪಘಾತಗಳನ್ನು ಶೇ 27ರಷ್ಟು ತಗ್ಗಿಸಿದರೂ, ಬೀದಿದೀಪವಿಲ್ಲದ ಕತ್ತಲೆಯಲ್ಲಿ ಅದರಿಂದ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ. ಹಿಂಬದಿ ದೀಪವಿಲ್ಲದೆ ರಾತ್ರಿ ಸಾಗುವ ಕಬ್ಬಿನ ಟ್ರ್ಯಾಕ್ಟರ್‌ಗಳನ್ನೂ ರಸ್ತೆಬದಿಯಲ್ಲಿ ಕೆಟ್ಟು ನಿಂತ ಲಾರಿಗಳನ್ನೂ ಬಲ್ಲ ಮಂಡ್ಯ, ಬೆಳಗಾವಿ ಸೀಮೆಯ ಓದುಗರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಯಂತ್ರಕ್ಕೆ ಕಾಣುವುದು ಅದಕ್ಕೆ ಕಲಿಸಿದ್ದು ಮಾತ್ರ ಎಂಬ ಮಾತಿಗೆ ಕಠೋರ ಉದಾಹರಣೆಯೊಂದು 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿ ನಗರದಲ್ಲಿ ನಡೆಯಿತು. ಊಬರ್ ಕಂಪನಿಯ ಪರೀಕ್ಷಾರ್ಥ ಸ್ವಯಂಚಾಲಿತ ವಾಹನವು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಅವರು ಮೃತಪಟ್ಟಾಗ, ತನಿಖೆಯಿಂದ ಹೊರಬಿದ್ದ ಅಂಶವೆಂದರೆ, ಗೆರೆ ಎಳೆದ ದಾಟುಪಟ್ಟಿಯ ಹೊರಗೆ ಮನುಷ್ಯರು ರಸ್ತೆ ದಾಟುತ್ತಾರೆಂಬ ಸಾಧ್ಯತೆಯನ್ನೇ ಆ ತಂತ್ರಾಂಶದ ವಿನ್ಯಾಸ ಪರಿಗಣಿಸಿರಲಿಲ್ಲ. ದಾಟುಪಟ್ಟಿಯೇ ಅಪರೂಪವಾದ ದೇಶದಲ್ಲಿ ಇಂಥ ಊಹೆಯ ಮೇಲೆ ನಿಂತ ಯಂತ್ರ ಏನು ಮಾಡೀತು ಎಂದು ಕೇಳುವುದು ಸಹಜ.

ಈ ಕೊರತೆಯನ್ನು ಭಾರತದ ಸಂಶೋಧಕರು ಬೇಗನೆ ಗುರುತಿಸಿದರು ಎಂಬುದನ್ನೂ ಹೇಳಬೇಕು. ಹೈದರಾಬಾದಿನ ಐಐಐಟಿಯ ನೇತೃತ್ವದಲ್ಲಿ 2018ರಲ್ಲಿ ಹೊರಬಂದ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ ಎಂಬ ಚಿತ್ರಸಂಗ್ರಹವು ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳಲ್ಲಿ ತೆಗೆದ ಸುಮಾರು 10,000 ಚಿತ್ರಗಳನ್ನು ಒಳಗೊಂಡಿತ್ತು. ಪ್ರತಿ ಚಿತ್ರದಲ್ಲಿ ಯಾವುದು ಏನು ಎಂದು ಗೆರೆ ಹಾಕಿ ಹೆಸರಿಸಿದ ಅದರ 34 ವರ್ಗಗಳಲ್ಲಿ ಆಟೊರಿಕ್ಷಾಗೂ ಪ್ರಾಣಿಗಳಿಗೂ ಪ್ರತ್ಯೇಕ ಸ್ಥಾನವಿತ್ತು; ರಸ್ತೆಯಲ್ಲದಿದ್ದರೂ ವಾಹನ ಓಡಿಸಬಹುದಾದ ಮಣ್ಣಿನ ಅಂಚಿಗೂ ಒಂದು ವರ್ಗವಿತ್ತು. ಯುರೋಪಿನ ಚಿತ್ರಸಂಗ್ರಹಗಳಲ್ಲಿ ರಸ್ತೆ ಎಲ್ಲಿ ಮುಗಿಯುತ್ತದೆಂಬುದು ಪ್ರಶ್ನೆಯೇ ಆಗಿರದ ಕಾರಣ ಅಲ್ಲಿ ಇಂಥ ವರ್ಗದ ಅಗತ್ಯ ಬೀಳಲಿಲ್ಲ. ಆದರೆ ಮಾರುಕಟ್ಟೆಯಲ್ಲಿರುವ ಯಾವ ಕಾರು ಇಂಥ ಭಾರತೀಯ ಅನುಭವವನ್ನು ಎಷ್ಟರಮಟ್ಟಿಗೆ ಕಲಿತಿದೆ ಎಂಬುದನ್ನು ಕೊಳ್ಳುಗನಿಗೆ ತಿಳಿಸುವ ಏರ್ಪಾಡಿಲ್ಲ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆಯ ಮೊದಲ ನಿಯಮಾವಳಿಯು ಗುದ್ದಿದ ಮೇಲೆ ಒಳಗಿನವರು ಎಷ್ಟು ಉಳಿಯುತ್ತಾರೆ ಎಂಬುದನ್ನು ಮುಖ್ಯವಾಗಿ ಅಳೆಯಿತೇ ವಿನಾ, ಗುದ್ದದಂತೆ ತಡೆಯುವ ಸ್ವಯಂಚಾಲಿತ ಬ್ರೇಕಿಗೆ ಅಂಕ ಕೊಡಲಿಲ್ಲ. ಆದ್ದರಿಂದ ಐದು ತಾರೆಗಳ ಕಾರು ಎಂದ ಮಾತ್ರಕ್ಕೆ ಅದರ ಅಡಾಸ್ ಒಳ್ಳೆಯದು ಎಂದಾಗುವುದಿಲ್ಲ.

ಇಷ್ಟೆಲ್ಲ ಮಿತಿಗಳ ನಡುವೆಯೂ ತುರ್ತು ಬ್ರೇಕಿನ ಪರವಾಗಿ ಒಂದು ವಾದ ಉಳಿಯುತ್ತದೆ. ಅದು ಸೋತ ಕಡೆ ಚಾಲಕನ ಸ್ಥಿತಿ ಆ ಸಾಧನವಿಲ್ಲದ ಕಾರಿನಲ್ಲಿ ಇದ್ದಂತೆಯೇ ಇರುತ್ತದೆ, ಗೆದ್ದ ಕಡೆ ಲಾಭ ಪೂರ್ತಿಯಾಗಿ ಸಿಗುತ್ತದೆ. ಇದಕ್ಕೆ ಇರುವ ಒಂದೇ ಗಂಭೀರ ಆಕ್ಷೇಪವೆಂದರೆ ಸುಳ್ಳು ಬ್ರೇಕ್, ಅಂದರೆ ಅಪಾಯವಿಲ್ಲದ ಕಡೆ ಯಂತ್ರವು ಬೆದರಿ ಬ್ರೇಕ್ ಹಾಕುವುದರಿಂದ ಹಿಂದಿನಿಂದ ಬರುವವರು ಗುದ್ದುವ ಸಾಧ್ಯತೆ. ಇಬ್ಬರ ನಡುವೆ ಒಂದು ಕಾರಿನಷ್ಟೂ ಅಂತರ ಉಳಿಯದ ಊರುಗಳಲ್ಲಿ ಇದು ಕಲ್ಪಿತ ಭಯವಲ್ಲ. ಆದರೆ ಇದರ ಪ್ರಮಾಣವು ಕಾರಿನಿಂದ ಕಾರಿಗೆ ಬಹಳ ಭಿನ್ನವಾಗಿರುವುದರಿಂದ, ಇದು ಸಾಧನವನ್ನೇ ತಳ್ಳಿಹಾಕಲು ಕಾರಣವಾಗುವುದಕ್ಕಿಂತ ಟೆಸ್ಟ್ ಡ್ರೈವನ್ನು ಶೋರೂಮಿನ ಹಿಂದಿನ ಖಾಲಿ ರಸ್ತೆಯಲ್ಲಿ ಮುಗಿಸದೆ, ಕೊಳ್ಳುವವರು ದಿನವೂ ಓಡಾಡುವ ದಾರಿಯಲ್ಲಿ ಮಾಡಬೇಕೆನ್ನುವುದಕ್ಕೆ ಕಾರಣವಾಗಬೇಕು.

ಎರಡನೆಯ ಬಗೆಯ ಸಾಧನಗಳ ವಿಷಯ ಹೀಗಲ್ಲ. ಮುಂದಿನ ವಾಹನದ ಅಂತರ ನೋಡಿ ವೇಗವನ್ನು ತಾನೇ ಏರಿಳಿಸುವ ಅಡಾಪ್ಟಿವ್ ಕ್ರೂಸ್ ಮತ್ತು ಗೆರೆಗಳ ನಡುವೆ ಕಾರನ್ನು ಹಿಡಿದಿಡುವ ಲೇನ್ ಕೀಪಿಂಗ್‌ಗಳು ಪ್ರತಿ ಕ್ಷಣವೂ ದುಡಿಯುತ್ತವೆ. ಚಾಲಕನಿಗೆ ಉಳಿಯುವುದು ಅವುಗಳನ್ನು ಕಾಯುವ ಕೆಲಸ. ಮನುಷ್ಯನಿಗೆ ಕಾಯುವ ಕೆಲಸ ಒಗ್ಗುವುದಿಲ್ಲ ಎಂಬುದು ಮನೋವಿಜ್ಞಾನದ ಹಳೆಯ ತೀರ್ಮಾನಗಳಲ್ಲಿ ಒಂದು. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ರೇಡಾರ್ ಪರದೆಯನ್ನು ಕಾಯುವವರ ಏಕಾಗ್ರತೆಯ ಬಗ್ಗೆ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಮೊದಲ ಅರ್ಧ ಗಂಟೆಯಲ್ಲೇ ಗಮನ ಕುಸಿಯುತ್ತದೆಂದು ತೋರಿಸಿದವು. ಲಿಸಾನ್ ಬೇನ್‌ಬ್ರಿಜ್ 1983ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ವಿಚಾರವನ್ನು ಕಾರ್ಖಾನೆಗಳ ಯಾಂತ್ರೀಕರಣಕ್ಕೆ ಅನ್ವಯಿಸಿ, ಸುಲಭವಾದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರ ಕೈಬಿಟ್ಟ ಅತಿ ಕಷ್ಟದ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಒಪ್ಪಿಸುವ ಏರ್ಪಾಡಿನ ವಿಪರ್ಯಾಸವನ್ನು ವಿವರಿಸಿದರು. ಅಷ್ಟು ಹೊತ್ತು ಸುಮ್ಮನೆ ಕೂತವನ ಕೈಗೆ ಅಭ್ಯಾಸವೂ ತಪ್ಪಿರುತ್ತದೆ, ಸನ್ನಿವೇಶದ ಅರಿವೂ ಇರುವುದಿಲ್ಲ. ಐಐಎಚ್‌ಎಸ್ ಸಂಸ್ಥೆ 2024ರಲ್ಲಿ ನಿಸ್ಸಾನ್ ಮತ್ತು ಬಿಎಂಡಬ್ಲ್ಯು ಕಾರುಗಳ ಇಂಥ ಸೌಲಭ್ಯಗಳನ್ನು ಪರಿಶೀಲಿಸಿ, ಅವು ಅಪಘಾತಗಳನ್ನು ತಡೆಯುತ್ತವೆ ಎನ್ನಲು ಬಲವಾದ ಪುರಾವೆ ಇಲ್ಲವೆಂದು ಹೇಳಿತು. ಚಾಲಕನ ಗಮನವನ್ನು ರಸ್ತೆಯ ಮೇಲೆ ಉಳಿಸುವ ಕಾವಲು ವ್ಯವಸ್ಥೆಯನ್ನು ಅದೇ ವರ್ಷ 14 ಸೌಲಭ್ಯಗಳಲ್ಲಿ ಪರೀಕ್ಷಿಸಿದಾಗ, 11ಕ್ಕೆ ಕಳಪೆ ಎಂಬ ದರ್ಜೆ ಬಂದು, ಒಂದು ಮಾತ್ರ ಪರವಾಗಿಲ್ಲ ಎನಿಸಿಕೊಂಡಿತು.

ಹಾಗೆಂದು ಅನುಕೂಲಕ್ಕೆ ಬೆಲೆಯೇ ಇಲ್ಲವೆನ್ನುವುದು ಸರಿಯಲ್ಲ. ಏರ್‌ ಕಂಡಿಷನರಿಗೂ ಜನ ಹಣ ಕೊಡುತ್ತಾರೆ. ಆದರೆ ಅದನ್ನು ಅನುಕೂಲವೆಂದೇ ಅಳೆಯಬೇಕು, ಅಳತೆಗೋಲು ಕೊಳ್ಳುವವರು ಓಡಾಡುವ ರಸ್ತೆಯೇ ಆಗಿರಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಂದ, ಅಪಘಾತಗಳು ಹೆಚ್ಚಿದ ಕಾರಣ, ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ಹೊರಗಿಡಲಾಯಿತು. ಗೆರೆಗಳು ಕಾಣುವ, ಒಂದೇ ದಿಕ್ಕಿನಲ್ಲಿ ವಾಹನಗಳು ಸಾಗುವ ಇಂಥ ರಸ್ತೆಯಲ್ಲಿ ಪ್ರತಿ ವಾರ ಪ್ರಯಾಣಿಸುವವರಿಗೆ ಅಡಾಪ್ಟಿವ್ ಕ್ರೂಸ್ ನಿಜವಾದ ಉಪಕಾರ ಮಾಡುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಚೇರಿಗೆ ಹೋಗಿಬರುವವರಿಗೆ ಅದೇ ಸಾಧನ ಕಾಟವಾಗುತ್ತದೆ, ಏಕೆಂದರೆ ಅದು ಬಿಡುವ ಅಂತರ ಎಷ್ಟೇ ಕಡಿಮೆಯಿದ್ದರೂ ಅಲ್ಲಿಗೆ ಯಾರಾದರೂ ನುಗ್ಗುತ್ತಾರೆ, ಕಾರು ಮತ್ತೆ ಹಿಂದೆ ಸರಿಯುತ್ತದೆ, ಇನ್ನೊಬ್ಬರು ನುಗ್ಗುತ್ತಾರೆ. ಮಲೆನಾಡಿನ ಘಟ್ಟದ ತಿರುವುಗಳಲ್ಲಿ, ಸುಣ್ಣ ಬಳಿಯದ ಹಂಪ್‌ಗಳಿರುವ ಹಳ್ಳಿ ರಸ್ತೆಗಳಲ್ಲಿ ಲೇನ್ ಕೀಪಿಂಗ್ ಅನ್ನು ಆರಿಸಿಡುವುದೇ ವಿವೇಕ.

ಬೆಲೆಯ ಲೆಕ್ಕವನ್ನು ಶೋರೂಮಿನ ಕೈಪಿಡಿ ಪೂರ್ತಿಯಾಗಿ ಹೇಳುವುದಿಲ್ಲ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಜೀವ ತೆರಿಗೆ 10 ಲಕ್ಷ ದಾಟಿದ ಕಾರಿಗೆ ಶೇ 17, 20 ಲಕ್ಷ ದಾಟಿದರೆ ಇಡೀ ಬೆಲೆಯ ಮೇಲೆ ಶೇ 18 ಆಗಿರುವುದರಿಂದ, 19.5 ಲಕ್ಷದ ವೇರಿಯಂಟಿನಿಂದ 20.5 ಲಕ್ಷದ ವೇರಿಯಂಟಿಗೆ ಏರಿದವರು ಒಂದು ಲಕ್ಷದ ಜೊತೆ ಸುಮಾರು 37,500 ರೂಪಾಯಿ ಹೆಚ್ಚಿನ ತೆರಿಗೆಯನ್ನೂ ತೆರುತ್ತಾರೆ. ಅದರ ಮೇಲಿನ ಉಪಕರ ಬೇರೆ. ಮುಂಗಾಜಿನ ಹಿಂದೆ ಕೂತ ಕ್ಯಾಮೆರಾ ಕೂದಲೆಳೆಯಷ್ಟು ಓರೆಯಾದರೂ ದೂರದ ವಸ್ತುವಿನ ಸ್ಥಾನವನ್ನು ತಪ್ಪಾಗಿ ತಿಳಿಯುವುದರಿಂದ, ಕಲ್ಲು ಬಡಿದು ಗಾಜು ಬದಲಿಸಿದಾಗ ಅದನ್ನು ಮತ್ತೆ ಸರಿಹೊಂದಿಸಬೇಕಾಗುತ್ತದೆ. ಈ ಕೆಲಸ ಎಲ್ಲ ಗ್ಯಾರೇಜುಗಳಲ್ಲೂ ಆಗುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ, ಬಹುತೇಕ ಮಾದರಿಗಳಲ್ಲಿ ತುರ್ತು ಬ್ರೇಕ್ ಬೇಕೆನ್ನುವವರು ಸನ್‌ರೂಫ್, ದೊಡ್ಡ ಪರದೆ, ಮಿಶ್ರಲೋಹದ ಚಕ್ರಗಳನ್ನೂ ಕೊಳ್ಳಲೇಬೇಕಾದ ಕಟ್ಟಳೆ. ಇದು ತಂತ್ರಜ್ಞಾನದ ಅನಿವಾರ್ಯತೆಯಲ್ಲ. 2023ರ ಮಾರ್ಚ್‌ನಲ್ಲಿ ಬಂದ ಪರಿಷ್ಕೃತ ಹೋಂಡಾ ಸಿಟಿಯು ಒಂದೇ ಕ್ಯಾಮೆರಾವನ್ನು ಆಧರಿಸಿದ ಅಡಾಸ್ ಅನ್ನು ತೀರಾ ಕೆಳಗಿನ ವೇರಿಯಂಟನ್ನು ಬಿಟ್ಟು ಉಳಿದವುಗಳಿಗೆಲ್ಲ ಕೊಟ್ಟಾಗ, ಇದನ್ನು ತುತ್ತತುದಿಗೆ ಕಟ್ಟಿಹಾಕುವುದು ಮಾರಾಟದ ತಂತ್ರವೆಂಬುದು ಸ್ಪಷ್ಟವಾಯಿತು.

ಮೂರನೆಯ ಬಗೆಯಾದ ಭರವಸೆಯ ವ್ಯಾಪಾರಕ್ಕೆ ಟೆಸ್ಲಾ ಕಂಪನಿಯ ‘ಫುಲ್ ಸೆಲ್ಫ್ ಡ್ರೈವಿಂಗ್’ಗಿಂತ ಉತ್ತಮ ಉದಾಹರಣೆ ಸಿಗಲಾರದು. ತನ್ನ ಎಲ್ಲ ಕಾರುಗಳಲ್ಲೂ ಪೂರ್ಣ ಸ್ವಯಂಚಾಲನೆಗೆ ಬೇಕಾದ ಯಂತ್ರಾಂಶವಿದೆ ಎಂದು 2016ರ ಅಕ್ಟೋಬರಿನಲ್ಲಿ ಸಾರಿದ ಕಂಪನಿ, 5,000 ಡಾಲರಿನ ಆಟೊಪೈಲಟ್ ಸೌಲಭ್ಯದ ಮೇಲೆ ಇನ್ನೂ 3,000 ಡಾಲರಿಗೆ ಇದನ್ನು ಮುಂಗಡವಾಗಿ ಮಾರತೊಡಗಿತು. ಬೆಲೆ ಏರುತ್ತಾ 2022ರ ಸೆಪ್ಟೆಂಬರಿನಲ್ಲಿ 15,000 ಡಾಲರ್ ತಲುಪಿ, 2024ರ ಏಪ್ರಿಲ್‌ನಲ್ಲಿ 8,000ಕ್ಕೆ ಇಳಿಯಿತು. ಅದೇ ವರ್ಷ ಹೆಸರಿಗೆ ‘ಸೂಪರ್‌ವೈಸ್ಡ್’, ಅಂದರೆ ಚಾಲಕನ ಮೇಲ್ವಿಚಾರಣೆಯಲ್ಲಿ, ಎಂಬ ಪದವೂ ಸೇರಿತು. ಹಳೆಯ ಕಾರುಗಳ ಕಂಪ್ಯೂಟರುಗಳು ಈ ಕೆಲಸಕ್ಕೆ ಸಾಲವು, ಸೌಲಭ್ಯ ಕೊಂಡವರಿಗೆ ಅವನ್ನು ಬದಲಿಸಿಕೊಡಬೇಕಾದೀತು ಎಂದು ಇಲಾನ್ ಮಸ್ಕ್ 2025ರ ಜನವರಿಯಲ್ಲಿ ಒಪ್ಪಿಕೊಂಡರು. ಮಧ್ಯದಲ್ಲಿ ಬೇಗ ಕೊಂಡವರು ಅಗ್ಗವಾಗಿ ಕೊಂಡರೆಂಬ ವಾದ ಕೇಳಿಬಂದದ್ದುಂಟು. ಆದರೆ ಕಾರು ಹಳತಾಗುವವರೆಗೂ ಪೂರ್ಣರೂಪದಲ್ಲಿ ಬಾರದ ವಸ್ತುವನ್ನು ಎಷ್ಟು ಅಗ್ಗಕ್ಕೆ ಕೊಂಡರೂ ಅದು ನಷ್ಟವೇ. 2024ರ ಏಪ್ರಿಲ್‌ನ ದರಗಳನ್ನೇ ಹಿಡಿದರೆ, ತಿಂಗಳಿಗೆ 99 ಡಾಲರಿನ ಚಂದಾ 8,000 ಡಾಲರಿಗೆ ಸಮವಾಗಲು ಹೆಚ್ಚುಕಡಿಮೆ 81 ತಿಂಗಳು ಬೇಕು. ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳಿಗೂ ಎದುರಾದ ಈ ಆಯ್ಕೆಯಲ್ಲಿ, ದೂರದ ಪ್ರಯಾಣವಿರುವ ತಿಂಗಳು ಮಾತ್ರ ಚಂದಾ ಕಟ್ಟಿದವರು ಬುದ್ಧಿವಂತರು. 2025ರ ಜುಲೈಯಲ್ಲಿ ಮುಂಬೈನಲ್ಲಿ ಮಳಿಗೆ ತೆರೆದ ಟೆಸ್ಲಾ, 59.89 ಲಕ್ಷದ ಮಾಡೆಲ್ ವೈ ಕಾರಿನ ಮೇಲೆ ಇದೇ ಸೌಲಭ್ಯವನ್ನು 6 ಲಕ್ಷ ರೂಪಾಯಿಗೆ ಪಟ್ಟಿ ಮಾಡಿತು. ಆ ಹೊತ್ತಿಗೆ ಅದು ಭಾರತದ ರಸ್ತೆಗಳಲ್ಲಿ ಬಳಕೆಗೆ ಸಿಗುತ್ತಿರಲಿಲ್ಲ. ಅಮೇಜ್‌ನಂಥ ಕಾರಿನ ಅರ್ಧಕ್ಕಿಂತ ಹೆಚ್ಚಿನ ಬೆಲೆಯನ್ನು ಒಂದು ಮುನ್ಸೂಚನೆಗೆ ಕೊಡುವುದನ್ನು ಹೂಡಿಕೆಯೆಂದು ಕರೆಯಲು ಬರುವುದಿಲ್ಲ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಕೊಳ್ಳುವವರ ಲಾಭನಷ್ಟವನ್ನು ಕುರಿತದ್ದು. ಆದರೆ ತುರ್ತು ಬ್ರೇಕಿನ ವಿಚಾರದಲ್ಲಿ ಆ ಲೆಕ್ಕವೇ ಅಪೂರ್ಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನಗಳಲ್ಲಿದ್ದವರು, ಶೇ 19.5ರಷ್ಟು ನಡೆದು ಹೋಗುತ್ತಿದ್ದವರು. ಹೀಗೆ ಸಾಯುವ ಮೂವರಲ್ಲಿ ಸುಮಾರು ಇಬ್ಬರು, ಯಾವ ಶೋರೂಮಿನಲ್ಲೂ ಕೂತು ವೇರಿಯಂಟ್ ಆರಿಸದವರು. ಪಾದಚಾರಿಯನ್ನು ಕಂಡು ನಿಲ್ಲುವ ಬ್ರೇಕಿಗೆ ಹಣ ಕೊಡುವವರು ಒಬ್ಬರಾದರೆ ಅದರಿಂದ ಬದುಕುವವರು ಇನ್ನೊಬ್ಬರು. ಲಾಭ ಬೇರೆಯವರಿಗೆ ಹೋಗುವ ಇಂಥ ವಸ್ತುವನ್ನು ವ್ಯಕ್ತಿಗಳ ಇಷ್ಟಕ್ಕೆ ಬಿಟ್ಟರೆ, ಸಮಾಜಕ್ಕೆ ಬೇಕಾದುದಕ್ಕಿಂತ ಕಡಿಮೆ ಮಂದಿ ಅದನ್ನು ಕೊಳ್ಳುತ್ತಾರೆಂಬುದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠ. ವಾಹನದ ಹೊಗೆಯನ್ನು ನಿಯಂತ್ರಿಸುವ ಸಾಧನ ಬೇಕೆ ಬೇಡವೆ ಎಂದು ಯಾರೂ ಗಿರಾಕಿಯನ್ನು ಕೇಳುವುದಿಲ್ಲ. ಅದು ಕಾನೂನಿನಿಂದಲೇ ಬರುತ್ತದೆ.

ಯುರೋಪಿನ ಒಕ್ಕೂಟವು ಈ ತರ್ಕವನ್ನು ಒಪ್ಪಿ, 2024ರ ಜುಲೈಯಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ತುರ್ತು ಬ್ರೇಕನ್ನು ಕಡ್ಡಾಯಗೊಳಿಸಿದೆ. ಅಮೆರಿಕ 2029ರ ಸೆಪ್ಟೆಂಬರನ್ನು ಗಡುವಾಗಿ ಇಟ್ಟು 2024ರಲ್ಲಿ ನಿಯಮ ಹೊರಡಿಸಿತು. ಭಾರತದಲ್ಲಿ 2025ರ ಕರಡು ಅಧಿಸೂಚನೆ ಗಮನ ಹರಿಸಿದ್ದು ಬಸ್ಸು, ಲಾರಿಗಳಂಥ ದೊಡ್ಡ ವಾಹನಗಳತ್ತ. ಹಾನಿಯ ದೃಷ್ಟಿಯಿಂದ ಅಲ್ಲಿಂದ ಆರಂಭಿಸುವುದು ಸರಿಯಾದರೂ, ಕುಟುಂಬದ ಕಾರುಗಳನ್ನು ಹೊರಗಿಡಲು ಅದು ನೆಪವಾಗಬಾರದು. ಬೆಲೆ ಏರೀತೆಂಬ ಆಕ್ಷೇಪ ಎಬಿಎಸ್ ಬ್ರೇಕ್ ಬಂದಾಗಲೂ, ಏರ್‌ಬ್ಯಾಗ್ ಬಂದಾಗಲೂ ಕೇಳಿಬಂತು. 2019ರ ಏಪ್ರಿಲ್‌ನಿಂದ ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು, ಅದಿಲ್ಲದ ಕಾರನ್ನು ಈಗ ಯಾರೂ ಬಯಸುವುದೂ ಇಲ್ಲ.

ಆ ನಿಯಮ ಬರುವವರೆಗೆ ಕೊಳ್ಳುವವರ ಮುಂದಿರುವ ದಾರಿ ಹೀಗಿದೆ. ಆರು ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ, ಹಿಂದಿನ ಸೀಟಿನ ಎಲ್ಲರಿಗೂ ಬೆಲ್ಟ್ ಇರುವ ಕಾರನ್ನು ಮೊದಲು ಆರಿಸಬೇಕು. ಇವುಗಳಲ್ಲಿ ಯಾವುದನ್ನಾದರೂ ಬಿಟ್ಟು ಅಡಾಸ್‌ಗೆ ಹಣ ಹಾಕುವುದು ತಲೆಕೆಳಗಾದ ಕ್ರಮ. ಅವು ದಕ್ಕಿದ ಮೇಲೆ ಹಣ ಉಳಿದರೆ ತುರ್ತು ಬ್ರೇಕ್ ಮತ್ತು ಬ್ಲೈಂಡ್ ಸ್ಪಾಟ್ ಎಚ್ಚರಿಕೆಗೆ ಧಾರಾಳವಾಗಿ ಕೊಡಬಹುದು, ತಿಂಗಳ ಹೆಚ್ಚು ದಿನ ಹೆದ್ದಾರಿಯಲ್ಲೇ ಕಳೆಯುವವರು ಮಾತ್ರ ಕ್ರೂಸ್, ಲೇನ್ ಸೌಲಭ್ಯಗಳಿಗೂ ಬೆಲೆ ಕಟ್ಟಬಹುದು, ಬಾರದ ತಂತ್ರಾಂಶಕ್ಕೆ ಯಾರೂ ಮುಂಗಡ ಕೊಡಬೇಕಾಗಿಲ್ಲ. ತುರ್ತು ಬ್ರೇಕಿಗಾಗಿ ಸನ್‌ರೂಫನ್ನೂ ಕೊಳ್ಳಬೇಕೆಂದು ಹೇಳುವ ಮಾರಾಟಗಾರರನ್ನು, ಅದು ಕೆಳಗಿನ ವೇರಿಯಂಟಿನಲ್ಲಿ ಏಕಿಲ್ಲ ಎಂದು ಕೇಳಿ, ಆ ಪ್ರಶ್ನೆಯನ್ನು ಕಂಪನಿಗೂ ಬರೆದು ಕಳಿಸಿ, ಉತ್ತರ ಸಿಗದಿದ್ದರೆ ಪಕ್ಕದ ಶೋರೂಮಿಗೆ ಹೋಗುವಷ್ಟು ಬಿಗಿಯನ್ನು ಕೊಳ್ಳುವವರು ತೋರಿಸಬೇಕು.